ಕಾಳಿಲ್ಲದೆ ಓಡುವ ಗಿರಣಿ

ಗಿರಣಿಗೆ ಎರಡು ದನಿ. ಬಾಯಿಯಲ್ಲಿ ಕಾಳಿದ್ದರೆ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಗುರುಗುಟ್ಟುತ್ತದೆ. ದಪ್ಪನೆಯ, ನಿಧಾನದ, ಕೇಳಿದವರಿಗೆ ತೂಕಡಿಕೆ ಬರಿಸುವ ಸದ್ದು. ಕಾಳು ತೀರಿತೋ, ಕಲ್ಲಿಗೆ ಕಲ್ಲು ತಾಗಿ ದನಿ ತೆಳ್ಳಗಾಗುತ್ತದೆ. ಹಲ್ಲು ಕಡಿದಂತೆ ಕಿರ್ರನೆ ಚೀರುತ್ತದೆ. ಕಸುಬು ಬಲ್ಲವರು ಆ ಎರಡನೇ ದನಿಯನ್ನು ಕೇಳಿಸಿಕೊಂಡು ಕೂರುವುದಿಲ್ಲ. ಎದ್ದೋಡಿ ಬಂದು ಮೋಟರು ನಿಲ್ಲಿಸುತ್ತಾರೆ. ಖಾಲಿ ಓಡಿದ ಕಲ್ಲು ತನ್ನನ್ನೇ ತಾನು ತಿನ್ನುತ್ತದೆ.

ಈ ಬೀದಿಯ ಗಿರಣಿ ಮಾತ್ರ ಕೆಲವು ಮಧ್ಯಾಹ್ನ ಆ ತೆಳುದನಿಯಲ್ಲೇ ಬಹಳ ಹೊತ್ತು ಓಡುತ್ತಿತ್ತು. ಆಗ ಎದುರಿನ ಕ್ಷೌರದಂಗಡಿಯಲ್ಲಿ ಕತ್ತರಿ ಮಾಮ ರೇಡಿಯೋದ ಕಿವಿ ಹಿಂಡಿ ಸದ್ದು ಏರಿಸುತ್ತಿದ್ದ. ಹಿಟ್ಟಿನ ಡಬ್ಬಿ ತರಲು ಎದ್ದ ಗಂಡಸರನ್ನು, “ಕೂತ್ಕೊಳ್ಳಿ ಸ್ವಾಮಿ, ಮೀಸೆ ಒಂದು ಕಡೆ ತೂಗ್ತಾ ಇದೆ” ಎಂದು ಮತ್ತೆ ಕುರ್ಚಿಗೆ ಒತ್ತುತ್ತಿದ್ದ. ಬೀದಿಯ ಹೆಂಗಸರು ಗಿರಣಿಯ ಬಾಗಿಲಿನ ಕಡೆ ತಿರುಗಿಯೂ ನೋಡದೆ ದಾಟಿ ಹೋಗುತ್ತಿದ್ದರು. ಒಳಗೆ ಯಾರೋ ಒಬ್ಬಳು ಮಾತಾಡುತ್ತಿದ್ದಾಳೆ ಎಂದು ಅದರ ಅರ್ಥ.

ಕೇಳುತ್ತಿದ್ದವಳು ಗಿರಣಿಯಕ್ಕ.

ಕೇಳುತ್ತಿದ್ದಳು ಎನ್ನುವುದು ಮಾತಿಗೆ. ಅವಳ ಬಲಗಿವಿ ಗಿರಣಿಯ ಪಾಲಾಗಿ ವರ್ಷಗಳೇ ಆಗಿದ್ದವು. ಎಡಗಿವಿಯೂ ಅರ್ಧ ದಾರಿಯಲ್ಲಿತ್ತು. ಆದರೆ ಸದ್ದಿನ ನಡುವೆಯೇ ಬದುಕಿದವಳಾದ್ದರಿಂದ ತುಟಿ ಓದುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಗಿರಣಿ ಓಡುತ್ತಿರುವಾಗ ಎದುರು ನಿಂತು ತುಟಿ ಅಲ್ಲಾಡಿಸಿದರೆ ಸಾಕು. ದನಿ ಹೊರಡಿಸಬೇಕಾಗಿಲ್ಲ. ಮನೆಯಲ್ಲಿ ಗೋಡೆಗೂ ಹೇಳಲಾಗದ್ದನ್ನು ಹೆಂಗಸರು ಇಲ್ಲಿ ದನಿಯಿಲ್ಲದೆ ಹೇಳಿ, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ಹೋಗುತ್ತಿದ್ದರು. ಕಣ್ಣು ಕೆಂಪಾಗಿದ್ದರೆ ಹಿಟ್ಟಿನ ಧೂಳು ಎನ್ನಬಹುದಿತ್ತು.

ಹಿಂದಿನ ಕೋಣೆಯ ಕಿಟಕಿಯಡಿ ಕೂತು ಕಾಳು ಹಸನು ಮಾಡುವ ಅವಳ ಅತ್ತೆ, ಬೀದಿಗೆಲ್ಲ ಅಜ್ಜಿ, ಬಂದವರಿಗೆಲ್ಲ ಹೇಳುತ್ತಿದ್ದಳು: “ನನ್ನ ಸೊಸೆ ಕಿವುಡಿ. ಅದಕ್ಕೇ ಇಡೀ ಬೀದಿ ಅವಳ ಹತ್ರಾನೇ ಗುಟ್ಟು ಹೇಳುತ್ತೆ. ನನಗೆ ಸೂಜಿ ಬಿದ್ದರೂ ಕೇಳುತ್ತೆ, ನನ್ನ ಹತ್ರ ಒಬ್ಬರೂ ಬಾಯಿ ಬಿಡಲ್ಲ.”

ಕೇಳುವುದರಲ್ಲಿ ಗಿರಣಿಯಕ್ಕ ಎಷ್ಟು ಗುಟ್ಟೋ, ಹೇಳುವುದರಲ್ಲಿ ಅಷ್ಟೇ ಬಯಲು. ಸದ್ದಿನ ಮೇಲೆ ಕೂಗಿ ಕೂಗಿ ಅವಳ ಗಂಟಲಿಗೆ ಮೆಲ್ಲಗೆ ಎಂಬುದು ಮರೆತೇ ಹೋಗಿತ್ತು. ಅವಳು ಪಿಸುಗುಟ್ಟಿದರೆ ಮೂರನೇ ಬೀದಿಯ ನಾಯಿ ತಲೆ ಎತ್ತುತ್ತಿತ್ತು. ಆದ್ದರಿಂದ ಬೀದಿಯವರು ಕಟ್ಟಿಕೊಂಡಿದ್ದ ಸಮಿತಿಯಲ್ಲಿ ಒಂದು ಒಪ್ಪಂದವಿತ್ತು: ಕೇಳುವ ಕೆಲಸ ಗಿರಣಿಯಕ್ಕನದು, ಹೇಳುವ ಕೆಲಸ ನರ್ಸಮ್ಮನದು.

ಸಮಿತಿ ಹುಟ್ಟಿದ್ದು ಒಂದು ನಾಚಿಕೆಯಿಂದ. ಹಿಂಬದಿಯ ಓಣಿಯಿಂದ, ಗಂಡನ ಏಟಿಗೆ ಪ್ರಜ್ಞೆ ತಪ್ಪಿದ ಒಬ್ಬ ಹೆಣ್ಣುಮಗಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಬಂದಾಗ, ಆರೋಗ್ಯ ಕೇಂದ್ರದ ನರ್ಸಮ್ಮ ಅಕ್ಕಪಕ್ಕದವರನ್ನು ಕೇಳಿದ್ದಳು, “ನಿಮಗ್ಯಾರಿಗೂ ಕೇಳಿಸಲಿಲ್ವಾ?” ಎಲ್ಲರಿಗೂ ಕೇಳಿಸಿತ್ತು. ಅವರ ಮನೆಯ ಮಾತು ನಮಗೇಕೆ ಎಂದು ಎಲ್ಲರೂ ಕಿಟಕಿ ಹಾಕಿಕೊಂಡಿದ್ದರು. ಕಿವಿಯಿದ್ದವರೆಲ್ಲ ತಲೆ ತಗ್ಗಿಸಿ ನಿಂತಾಗ, ನಿಜವಾಗಿಯೂ ಕೇಳಿಸದೇ ಇದ್ದವಳು ಒಬ್ಬಳೇ ತಲೆ ಎತ್ತಿ, “ವಾರದ ರಜೆ ದಿನ ನನ್ನ ಗಿರಣಿ ಖಾಲಿ ಇರುತ್ತೆ. ಬಂದು ಕೂತ್ಕೊಂಡು ಮಾತಾಡೋಣ” ಎಂದಳು. ಅಂದಿನಿಂದ ಸಮಿತಿ ಅಲ್ಲಿಯೇ ಸೇರುತ್ತಿತ್ತು, ಡಬ್ಬಿಗಳನ್ನು ಬೋರಲು ಹಾಕಿಕೊಂಡು. ಕತ್ತರಿ ಮಾಮ ಮೊದಲ ದಿನವೇ ಸಮಿತಿಯ ಕೆಲಸವನ್ನೆಲ್ಲ ಒಂದು ಮಾತಿನಲ್ಲಿ ಕಟ್ಟಿಬಿಟ್ಟ: “ಈ ಬೀದೀಲಿ ಬೀಸೋದು ಗಿರಣಿ ಒಂದೇ ಆಗಿರಬೇಕು. ಯಾವನ ಕೈಯೂ ಬೀಸಬಾರದು.”

ನಿಯಮಗಳೂ ಹೆಚ್ಚಿರಲಿಲ್ಲ. ಹೆಂಗಸು ತಾನಾಗಿ ಹೂಂ ಎನ್ನುವವರೆಗೆ ಅವಳ ಗಂಡನ ಬಳಿ ಸುದ್ದಿ ಎತ್ತಬಾರದು. ಆದರೆ ಮಗುವಿನ ಮೈ ಮುಟ್ಟಿದ ದಿನ ಕಾಯುವ ಮಾತಿಲ್ಲ. ಆ ದಿನವೇ ಆಸ್ಪತ್ರೆ, ಆ ದಿನವೇ ದೂರು.

ಇಂಥ ಗಿರಣಿಗೆ ಕಲ್ಲು ಕುಟ್ಟಲು ಬರುತ್ತಿದ್ದವನು ಉಳಿಯಣ್ಣ.

ಬೀಸುವ ಕಲ್ಲಿನ ಮೈಮೇಲೆ ಗೀರುಗಳಿರುತ್ತವೆ. ಕಸುಬಿನವರು ಅವನ್ನು ಹಲ್ಲು ಎನ್ನುತ್ತಾರೆ. ಹಲ್ಲು ಸವೆದರೆ ಹಿಟ್ಟು ಬಿಸಿಯಾಗುತ್ತದೆ, ಕಮಟು ಹಿಡಿಯುತ್ತದೆ. ಆಗ ಮೇಲಿನ ಕಲ್ಲನ್ನು ಸರಪಳಿಯಿಂದ ಎತ್ತಿ ಮಗುಚಿ, ಉಳಿ ಸುತ್ತಿಗೆ ಹಿಡಿದು, ಮತ್ತೆ ಹಲ್ಲು ಮೂಡಿಸಬೇಕು. ಸುತ್ತಲಿನ ಗಿರಣಿಗಳಿಗೆಲ್ಲ ಉಳಿಯಣ್ಣನ ಕೈಯೇ ಬೇಕು. ತೆಳ್ಳನೆಯ, ನಗುಮುಖದ, ಬಾಯಿ ತುಂಬ ಅಕ್ಕ ಅಣ್ಣ ಎನ್ನುವ ಮನುಷ್ಯ. ಗಿರಣಿಯಕ್ಕನ ಗಂಡ ತೀರಿಹೋಗಿ, ಗಿರಣಿಯನ್ನು ಮಾರಿಬಿಡು ಎಂದು ನೆಂಟರೆಲ್ಲ ಒಂದೇ ಬಾಯಿಯಲ್ಲಿ ಹೇಳಿದಾಗ, “ಯಾಕಕ್ಕಾ ಮಾರ್ತೀರಿ, ನಾನು ಕಲಿಸ್ತೀನಿ” ಎಂದವನು ಅವನು. ಕಲ್ಲು ಎಷ್ಟು ಬಿಗಿಯಬೇಕು, ಮೋಟರಿನ ಪಟ್ಟಿ ಯಾವಾಗ ಸಡಿಲವಾಗಿದೆ ಎಂದು ಅಂಗೈಯಿಂದ ತಿಳಿಯುವುದು ಹೇಗೆ, ಎಲ್ಲವನ್ನೂ ಪಕ್ಕದಲ್ಲಿ ನಿಂತು ಕಲಿಸಿದ. “ಒಂದು ಮಾತ್ರ ನೆನಪಿಡಿ, ಖಾಲಿ ಓಡಿಸಬೇಡಿ” ಎಂದಿದ್ದ. ಅವಳು ತಿನ್ನುವ ಅನ್ನದಲ್ಲಿ ಅವನ ಋಣವಿತ್ತು. ಅದನ್ನು ಅವಳು ಯಾವತ್ತೂ ಮರೆತವಳಲ್ಲ.

ಅವನ ಹೆಂಡತಿ ಡಬ್ಬಿ ಹಿಡಿದು ಬಂದ ಮೊದಲ ದಿನ ಗಿರಣಿ ಓಡುತ್ತಿತ್ತು. ಅವಳ ತುಟಿ, “ಸ್ವಲ್ಪ ಸಣ್ಣಗೆ ಬೀಸಿ” ಎಂದಿತು. ಆಮೇಲೆ ಅಲ್ಲಿಯೇ ನಿಂತಿತು. ಕಾಳು ತೀರಿ ದನಿ ತೆಳ್ಳಗಾಯಿತು. ಗಿರಣಿಯಕ್ಕ ಮೋಟರಿನ ಗುಂಡಿಯತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಗ ಆ ತುಟಿ ಮತ್ತೆ ಅಲುಗಿತು.

ಕೇಳಿದ್ದನ್ನು ನಂಬಲು ಗಿರಣಿಯಕ್ಕನಿಗೆ ಕಷ್ಟವಾಯಿತು. ಸಮಿತಿಯ ಸಭೆಗೆ ಬಂದು ಬಾಗಿಲಲ್ಲಿ ನಿಂತು, “ಹೆಂಡ್ತಿ ಮೇಲೆ ಕೈ ಮಾಡೋನ ಕೈ ಮುರೀಬೇಕು” ಎಂದು ಎಲ್ಲರಿಗಿಂತ ಜೋರಾಗಿ ಹೇಳಿದ್ದವನು ಇದೇ ಉಳಿಯಣ್ಣ. ಆದರೆ ದನಿ ಸುಳ್ಳು ಹೇಳಬಹುದು, ತುಟಿ ಹೇಳುವುದಿಲ್ಲ ಎಂಬುದು ಅವಳ ಅನುಭವ. “ನರ್ಸಮ್ಮನಿಗೆ ಹೇಳಲಾ?” ಎಂದು ಕೈಸನ್ನೆಯಲ್ಲಿ ಕೇಳಿದಳು. ಅವಳು ತಲೆಯಾಡಿಸಿದಳು. ಈಗಲೇ ಬೇಡ. ಅವಳು ಬೇಡ ಎಂದ ಮೇಲೆ ಬೇಡ. ಹೀಗೆ ಆ ಡಬ್ಬಿ ಮೇಲಿಂದ ಮೇಲೆ ಬಂತು, ತಳದಲ್ಲಿ ಒಂದು ಹಿಡಿ ಕಾಳು ಹೊತ್ತುಕೊಂಡು. ಗಿರಣಿ ಮೇಲಿಂದ ಮೇಲೆ ಖಾಲಿ ಓಡಿತು.

ಒಂದು ಬೆಳಗ್ಗೆ ತಾಯಿಯ ಜೊತೆ ಮಗಳೂ ಬಂದಳು. ಪುಟ್ಟಿ ಎನ್ನುತ್ತಿದ್ದರು, ಎರಡು ಜಡೆಯ, ಪ್ರಶ್ನೆಗಳ ಮೂಟೆ. ವಿದ್ಯುತ್ ಹೋಗಿತ್ತು. ಗಿರಣಿ ಮೌನವಾಗಿತ್ತು. “ಯಾವ ಕ್ಲಾಸೇ ನೀನೀಗ?” ಎಂದು ಗಿರಣಿಯಕ್ಕ ಕೇಳಿದಳು. ಪುಟ್ಟಿ ಕತ್ತು ಓರೆ ಮಾಡಿ, ಬಲಗಿವಿಯನ್ನು ಮುಂದೆ ತಂದು, “ಆಂ?” ಎಂದಳು.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಗಮನಿಸುತ್ತಿರಲಿಲ್ಲ. ಆದರೆ ಅದು ಗಿರಣಿಯಕ್ಕನದೇ ಚಾಳಿ. ಕೇಳದ ಕಿವಿಯನ್ನು ಹಿಂದಿಟ್ಟು ಕೇಳುವ ಕಿವಿಯನ್ನು ಮುಂದೊಡ್ಡುವುದು ಹೇಗೆಂದು ಅವಳಿಗೆ ಗೊತ್ತು; ಅದನ್ನು ಕಲಿಯಲು ಅವಳಿಗೆ ಅರ್ಧ ಆಯಸ್ಸು ಹಿಡಿದಿತ್ತು. ಈ ಮಗು ಎಲ್ಲಿ ಕಲಿಯಿತು? ಜಡೆ ಸರಿಸಿ ನೋಡಿದಳು. ಎಡಗಿವಿಯ ಹಿಂದೆ ನೀಲಿಗಟ್ಟಿತ್ತು. ತಾಯಿಯ ಮುಖ ನೋಡಿದಳು. ಈ ಸಲ ತಾಯಿ ಬೇಡವೆಂದು ತಲೆಯಾಡಿಸಲಿಲ್ಲ. “ಸಾಕಕ್ಕಾ” ಎಂದಳು, ದನಿ ತೆಗೆದು.

ನರ್ಸಮ್ಮ ಅಂದೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದಳು. ಕಿವಿಯ ತಮಟೆ ಹರಿದಿದೆ ಎಂದು ವೈದ್ಯರು ಬರೆದುಕೊಟ್ಟರು. ದೂರು ದಾಖಲಾಯಿತು. ಮಕ್ಕಳ ರಕ್ಷಣೆಯ ಅಧಿಕಾರಿ ಮರುದಿನ ಮಧ್ಯಾಹ್ನವೇ ಬೇರೆ ಊರಿನ ಆಶ್ರಯಧಾಮಕ್ಕೆ ಕಳಿಸಲು ವಾಹನ ಗೊತ್ತು ಮಾಡಿದರು. ಆ ರಾತ್ರಿಯ ಮಟ್ಟಿಗೆ ಉಳಿಯಣ್ಣ ದೂರದ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ತೊಡಕಿದ್ದದ್ದು ಮರುದಿನದ್ದು. ತಾಯಿ ಮಗಳು ಬಟ್ಟೆಬರೆ ತೆಗೆದುಕೊಂಡು ಹೊರಡಬೇಕು. ಅವನೋ ಹೇಳದೆ ಕೇಳದೆ ಯಾವ ಗಳಿಗೆಯಲ್ಲಾದರೂ ಬಂದು ಬಾಗಿಲು ತಟ್ಟುವವನು. ಪೊಲೀಸರು, “ಮೊದಲು ಅವರಿಬ್ಬರೂ ಹೊರಡಲಿ, ಆಮೇಲೆ ಅವನನ್ನು ಕರೀತೀವಿ” ಎಂದಿದ್ದರು.

“ನಾನು ಹಿಡಿದಿಟ್ಕೊಳ್ತೀನಿ” ಎಂದಳು ಗಿರಣಿಯಕ್ಕ. “ಕಲ್ಲು ಎತ್ತಿಸಿಬಿಟ್ಟರೆ ಸಂಜೆವರೆಗೂ ಅವನು ಅಲ್ಲಾಡೋ ಹಾಗಿಲ್ಲ. ಎತ್ತಿದ ಕಲ್ಲನ್ನ ಅರ್ಧಕ್ಕೆ ಬಿಟ್ಟು ಹೋಗೋ ಗಂಡಸಲ್ಲ ತಾನು ಅಂತ ಅವನೇ ಎದೆ ತಟ್ಕೊಳ್ತಾನಲ್ಲ.”

“ಅವರು ಹೊರಟ ಮೇಲೆ ನಿನಗೆ ಕೂಗಿ ಹೇಳೋದು ಹೇಗೆ? ನಿನಗೆ ಕೇಳಬೇಕಲ್ಲ?” ಎಂದಳು ನರ್ಸಮ್ಮ.

“ನನ್ನ ಅಂಗಡಿ ಮುಂದೆ ಬಿಳಿ ಟವೆಲ್ ಒಣಗೋಕೆ ಹಾಕ್ತೀನಿ” ಎಂದ ಕತ್ತರಿ ಮಾಮ.

“ನಿನ್ನ ಹತ್ರ ಬಿಳಿ ಟವೆಲ್ ಇದೆಯಾ?” ಎಂದಳು ಗಿರಣಿಯಕ್ಕ.

“ಒಗೆದರೆ ಬಿಳೀದೇ.”

ಮರುದಿನ ಉಳಿಯಣ್ಣ ಊಟ ಮುಗಿಸಿಕೊಂಡು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಸರಪಳಿ ಎಳೆದು ಕಲ್ಲು ಎತ್ತಿದ. ಮಗುಚಿ ಮಲಗಿಸಿದ. ಅಜ್ಜಿಯನ್ನು ರೇಗಿಸಿದ. ಗಿರಣಿಯಕ್ಕ ಬಾಗಿಲಿನ ಬಳಿ ಜರಡಿ ಹಿಡಿದು ಕೂತಳು. ಅಲ್ಲಿಂದ ಎದುರು ಕ್ಷೌರದಂಗಡಿಯ ಬಟ್ಟೆ ಒಣಹಾಕುವ ಹಗ್ಗ ಕಾಣುತ್ತಿತ್ತು. ಹಗ್ಗ ಖಾಲಿಯಿತ್ತು.

ಸುತ್ತಿಗೆಯ ಮೊದಲ ಪೆಟ್ಟಿಗೂ ಮುನ್ನ ಅವನು ಕಲ್ಲಿನ ಮೇಲೆ ಅಂಗೈ ಆಡಿಸಿದ. ಮತ್ತೆ ಆಡಿಸಿದ. ಬಗ್ಗಿ ನೋಡಿದ.

“ಅಕ್ಕಾ, ಈ ಕಲ್ಲಿಗೆ ಏನು ಮಾಡಿದ್ರಿ?”

“ಯಾಕೆ? ಸವೆದಿದೆ, ಅದಕ್ಕೇ ತಾನೆ ಕರೆಸಿದ್ದು.”

“ಕಾಳು ಸವೆಸಿದ್ರೆ ಅಂಚಿನ ಕಡೆಯಿಂದ ಸವೆಯುತ್ತೆ. ಇದು ಉದ್ದಕ್ಕೂ ಕನ್ನಡಿ ಆಗಿದೆ. ಬನ್ನಿ ನೋಡಿ, ನನ್ನ ಮುಖ ಕಾಣ್ತಿದೆ.” ನಕ್ಕ. “ಇದು ಖಾಲಿ ಓಡಿದ ಕಲ್ಲು. ಒಂದು ದಿನ ಎರಡು ದಿನ ಅಲ್ಲ.”

ಗಿರಣಿಯಕ್ಕನ ಕೈಯಲ್ಲಿ ಜರಡಿ ನಿಂತಿತು. ಯಾರ ಕಿವಿಗೂ ಬೀಳದ ಹಾಗೆ ಎಷ್ಟು ಮಾತುಗಳನ್ನು ಕಾಪಾಡಿದ್ದಳು! ಅವೆಲ್ಲ ಕಲ್ಲಿನ ಮೇಲೆ ಉಳಿದುಹೋಗುತ್ತವೆಂದು ಅವಳಿಗೆ ಹೊಳೆದೇ ಇರಲಿಲ್ಲ. ಆ ಕಲ್ಲನ್ನು ಓದಬಲ್ಲ ಒಬ್ಬನೇ ಒಬ್ಬನನ್ನು ತಾನೇ ಕೈಯಾರೆ ಕರೆಸಿ ಅದರ ಮುಂದೆ ಕೂರಿಸಿದ್ದಳು.

“ವಯಸ್ಸಾಯ್ತು ತಮ್ಮಾ. ನಿಲ್ಲಿಸೋಕೆ ಮರೆತಿರ್ತೀನಿ.”

“ನೀವಾ? ಮರೆಯೋದಾ?” ಅವನ ನಗು ಇನ್ನೂ ತುಟಿಯ ಮೇಲಿತ್ತು, ಆದರೆ ಕಣ್ಣು ಯೋಚನೆಯಲ್ಲಿತ್ತು. “ನಮ್ಮನೆಯವಳು ಯಾವಾಗ ನೋಡಿದ್ರೂ ಡಬ್ಬಿ ಹಿಡ್ಕೊಂಡು ಇಲ್ಲಿಗೇ ಬರ್ತಾಳೆ. ಮನೇಲಿರೋದು ಮೂರು ಜನ. ಅಷ್ಟು ಹಿಟ್ಟು ತಿನ್ನೋಕೆ ನಾವೇನು ಎಮ್ಮೆ ಸಾಕಿದ್ದೀವಾ?” ಉಳಿಯನ್ನು ಕೆಳಗಿಟ್ಟ. ಸುತ್ತಿಗೆಯನ್ನು ಇಡಲಿಲ್ಲ. “ಏನು ಹೇಳಿದಳು ಅಕ್ಕಾ?”

ಹಗ್ಗ ಖಾಲಿಯಿತ್ತು.

ಸುಳ್ಳು ಹೇಳಬಹುದಿತ್ತು. ನೆಂಟರ ಊರಿಂದ ಬಂದ ಗಟ್ಟಿ ಕಾಳು, ಕೆಟ್ಟ ಮೋಟರು, ಎಷ್ಟೋ ಸುಳ್ಳುಗಳು ನಾಲಿಗೆಯ ತುದಿಗೆ ಬಂದವು. ಆದರೆ ಎದುರು ನಿಂತವನು ತನಗೆ ಅನ್ನದ ದಾರಿ ತೋರಿಸಿದವನು. ಅವನಿಗೆ ಇನ್ನೊಂದು ಸುಳ್ಳು ಹೇಳಲು ಗಿರಣಿಯಕ್ಕನಿಗೆ ಬಾಯಿ ಬರಲಿಲ್ಲ. ಜರಡಿ ಬದಿಗಿಟ್ಟು ಎದ್ದು ನಿಂತಳು.

“ಖಾಲಿ ಓಡಿಸಿದೆ. ಬೇಕೂಂತಲೇ ಓಡಿಸಿದೆ. ಯಾರು ಏನು ಹೇಳಿದರು ಅಂತ ಮಾತ್ರ ನಿನಗೆ ಹೇಳಲ್ಲ.”

ಅವಳ ಪಾಲಿಗೆ ಅದು ಮೆತ್ತನೆಯ ಮಾತೇ. ಆದರೆ ಕಲ್ಲು ಎತ್ತಿದ ಗಿರಣಿ ಅಂದು ಮೂಕವಾಗಿತ್ತು. ಅವಳ ದನಿಗೆ ಅಡ್ಡ ಬರುವ ಸದ್ದೇ ಇರಲಿಲ್ಲ. ಮಾತು ಬಾಗಿಲು ದಾಟಿ, ಬೀದಿ ದಾಟಿ, ಕ್ಷೌರದಂಗಡಿಯ ಕನ್ನಡಿಯವರೆಗೆ ಹೋಯಿತು. ನಲ್ಲಿಯ ಬಳಿ ಇದ್ದ ಹೆಂಗಸರು ಕೊಡ ಬಿಟ್ಟು ತಲೆ ಎತ್ತಿದರು.

ಉಳಿಯಣ್ಣ ಬಾಗಿಲಿಗೆ ಬಂದ. ಬಾಗಿಲಲ್ಲಿ ಅಜ್ಜಿ ಡಬ್ಬಿ ಬೋರಲು ಹಾಕಿಕೊಂಡು ಕೂತಿದ್ದಳು. ಹಿಂದಿನ ಕೋಣೆಯಿಂದ ಯಾವಾಗ ಬಂದಳೋ!

“ಅಜ್ಜೀ, ದಾರಿ ಬಿಡಿ.”

“ಮಂಡಿ ಹಿಡ್ಕೊಂಡಿದೆ ಮಗಾ. ನನ್ನನ್ನ ಎತ್ತಬೇಕಂದ್ರೆ ಸೊಸೇನೇ ಬರಬೇಕು. ಅವಳನ್ನ ಕರೆದ್ರೆ ಕಿವಿ ಕೇಳಲ್ಲ.”

ಅಜ್ಜಿಯ ಪಕ್ಕದಲ್ಲಿ ನಲ್ಲಿಯಿಂದ ಬಂದವಳೊಬ್ಬಳು ಕೊಡ ಬೋರಲಿಟ್ಟು ಕೂತಳು. ಅವಳ ಹಿಂದೆ ಇನ್ನೊಬ್ಬಳು. ಮೆಟ್ಟಿಲಿನ ತುಂಬ, ಅಂಗಳದ ತುಂಬ ಹೆಂಗಸರು ಬಂದು ಕೂರತೊಡಗಿದರು. ಒಬ್ಬರೂ ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಒಬ್ಬಳು ಅವರೆಕಾಯಿ ಬಿಡಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದವಳು, ಮೊರದ ಸಮೇತ ಬಂದು ಇಲ್ಲಿ ಮುಂದುವರಿಸಿದಳು. ಬೀದಿಯಾಚೆ ಕತ್ತರಿ ಮಾಮ ಕತ್ತಿ ಹಿಡಿದು ನಿಂತಿದ್ದ. ಅವನ ಬೆನ್ನಿಗೆ, ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿ.

“ಎಲ್ಲಿಗೋ ಹೊರಟೆ?” ಎಂದಳು ಅಜ್ಜಿ. “ಎತ್ತಿದ ಕಲ್ಲು ಹಾಗೇ ಬಿದ್ದಿದೆ.”

ಅವರನ್ನು ದಾಟಬೇಕಾದರೆ ತುಳಿದುಕೊಂಡೇ ದಾಟಬೇಕಿತ್ತು. ಮನೆಯೊಳಗೆ ಏನು ಬೇಕಾದರೂ ಮಾಡಬಲ್ಲವನಿಗೆ ಬೀದಿಯ ಕಣ್ಣೆದುರು ಒಂದು ಕಾಲು ಎತ್ತಲಾಗಲಿಲ್ಲ. ಸುತ್ತಿಗೆ ಹಿಡಿದ ಕೈ ಸ್ವಲ್ಪ ಮೇಲೆದ್ದಿತು. ಗಿರಣಿಯಕ್ಕ ಹತ್ತಿರ ಹೋಗಿ, ಮಗುವಿನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಂತೆ ಅದನ್ನು ತೆಗೆದುಕೊಂಡಳು. ಅವಳ ಎದೆ ಹೊಡೆದುಕೊಳ್ಳುತ್ತಿದ್ದದ್ದು ಅವಳಿಗೆ ಮಾತ್ರ ಗೊತ್ತು. ಕಿವುಡರಿಗೂ ಕೇಳಿಸುವ ಸದ್ದು ಅದೊಂದೇ.

ಮತ್ತೆ ತಲೆ ಎತ್ತಿದಾಗ ಎದುರಿನ ಹಗ್ಗದ ಮೇಲೆ ಟವೆಲ್ ತೂಗುತ್ತಿತ್ತು. ಬಿಳಿ ಅಲ್ಲ. ಆದರೆ ಕತ್ತರಿ ಮಾಮ ಪಕ್ಕದಲ್ಲೇ ನಿಂತು, ಇದು ಬಿಳಿಯೇ ಎಂದು ಜೋರಾಗಿ ತಲೆಯಾಡಿಸುತ್ತಿದ್ದ.

ಪೊಲೀಸಮ್ಮ ಒಬ್ಬ ಪೇದೆಯ ಜೊತೆ ಬಂದಾಗ ಉಳಿಯಣ್ಣ ಕಲ್ಲಿನ ಪಕ್ಕ ಕುಸಿದು ಕೂತಿದ್ದ. “ಅಕ್ಕಾ, ನೀವು ನನಗೆ ಅಕ್ಕನ ಥರ. ನೀವಾದ್ರೂ ನನ್ನ ಪರ ಒಂದು ಮಾತು ಹೇಳಿ” ಎಂದ.

“ಥರ ಅಲ್ಲ, ಅಕ್ಕನೇ. ಅದಕ್ಕೇ ಹೇಳ್ತೀನಿ, ಅವರು ಕೇಳಿದ್ದಕ್ಕೆ ಸುಳ್ಳು ಹೇಳಬೇಡ. ಹೋಗು.”

ಹೆಂಗಸರು ಎದ್ದು ದಾರಿ ಬಿಟ್ಟರು. ಅಜ್ಜಿಯ ಮಂಡಿಯೂ ಸರಿಹೋಗಿತ್ತು. ಎಲ್ಲರೂ ಚದುರಿದ ಮೇಲೆ ಗಿರಣಿಯಕ್ಕ ಮೋಟರಿಗೆ ಬೆನ್ನು ಮಾಡಿ ಕೂತು ಬಹಳ ಹೊತ್ತು ಅತ್ತಳು. ಅಜ್ಜಿ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು.

ಕನ್ನಡಿಯಾದ ಕಲ್ಲು ಹಾಗೆಯೇ ಉಳಿಯಿತು. ಕಲ್ಲು ಕುಟ್ಟುವ ಇನ್ನೊಬ್ಬ ದೂರದವನು. ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎಂದು ಆಡಿಸಿದ. ಕೊನೆಗೆ ಗಿರಣಿಯಕ್ಕ ಗಂಡನ ಹಳೆಯ ಕನ್ನಡಕ ಏರಿಸಿಕೊಂಡು ತಾನೇ ಉಳಿ ಹಿಡಿದಳು. ಹಲ್ಲು ಸೊಟ್ಟಸೊಟ್ಟಗೆ ಬಂದವು. ಹಿಟ್ಟು ರವೆಯಂತೆ ಬಿತ್ತು. “ಇದರಲ್ಲಿ ಗೋಡೆಗೆ ಗಾರೆ ಮಾಡಬಹುದು” ಎಂದು ಕತ್ತರಿ ಮಾಮ ಬೀದಿಯೆಲ್ಲ ಹೇಳಿಕೊಂಡು ತಿರುಗಿದ. ಬೀದಿಯವರೂ ಬಾಯಿಗೆ ಬಂದಂತೆ ಗೊಣಗಿದರು. ಆದರೆ ಒಂದೇ ಒಂದು ಡಬ್ಬಿ ಬೇರೆ ಗಿರಣಿಗೆ ಹೋಗಲಿಲ್ಲ. ತರಿತರಿ ಹಿಟ್ಟನ್ನೇ ನಾದಿದರು, ಬೇಯಿಸಿದರು, ಗೊಣಗುತ್ತಲೇ ತಿಂದರು.

ಇನ್ನೊಂದು ಬದಲಾವಣೆಯನ್ನು ಬೀದಿ ನಿಧಾನವಾಗಿ ಗುರುತಿಸಿತು. ಕಿರ್ರೆನ್ನುವ ಆ ದನಿ ಮತ್ತೆ ಕೇಳಲಿಲ್ಲ. ಮೋಟರಿನ ಪಕ್ಕ ಈಗ ಒಂದು ಬುಟ್ಟಿ ತೌಡು ಇರುತ್ತಿತ್ತು. ಕಾಳು ತೀರಿದ ಮೇಲೂ ಡಬ್ಬಿಯವಳು ನಿಂತೇ ಇದ್ದರೆ, ಗಿರಣಿಯಕ್ಕ ಆ ತೌಡನ್ನೇ ಸುರಿಯುವಳು. ಕೆಳಗೆ ಬಂದದ್ದನ್ನು ಎತ್ತಿ ಮತ್ತೆ ಸುರಿಯುವಳು. ಕಲ್ಲು ಕಲ್ಲನ್ನು ತಿನ್ನುತ್ತಿರಲಿಲ್ಲ. ಗಿರಣಿಗೆ ಮೂರನೇ ಒಂದು ದನಿ ಹುಟ್ಟಿತ್ತು; ಮಗುವನ್ನು ಮಲಗಿಸುವಾಗ ತಾಯಂದಿರು ಹೊರಡಿಸುವ “ಶ್ಶ್” ಎಂಬಂಥ ಸದ್ದು. ಕತ್ತರಿ ಮಾಮ ಅದನ್ನು ಕೇಳಿದ ಮೊದಲ ದಿನವೇ ರೇಡಿಯೋದ ಕಿವಿ ಹಿಂಡಿದ.

ಒಂದು ಮಧ್ಯಾಹ್ನ ನರ್ಸಮ್ಮ ಬಂದಳು. ಗಿರಣಿಯಕ್ಕ ಕಲ್ಲು ಕುಟ್ಟಿ ಮುಗಿಸಿ, ಅದನ್ನು ಮತ್ತೆ ಕೂರಿಸಿ, ಉಳಿ ಮಸೆಯುತ್ತ ಕೂತಿದ್ದಳು. ಕತ್ತರಿ ಮಾಮ ಉಪದೇಶ ಮಾಡುತ್ತ ಪಕ್ಕದಲ್ಲಿದ್ದ. ನರ್ಸಮ್ಮ ಎಡಗಿವಿಯ ಕಡೆ ಬಂದು ಕೂತು ಸುದ್ದಿ ಹೇಳಿದಳು. ಕೇಸು ನಡೆಯುತ್ತಿದೆ. ಜಾಮೀನು ಸಿಕ್ಕಿದೆ, ಆದರೆ ತಾಯಿ ಮಗಳ ಹತ್ತಿರ ಸುಳಿಯಕೂಡದೆಂದು ನ್ಯಾಯಾಲಯ ಹೇಳಿದೆ. ತಾಯಿಗೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ.

“ಪುಟ್ಟಿ ಕಿವಿ?” ಎಂದಳು ಗಿರಣಿಯಕ್ಕ.

“ಮುಚ್ಕೊಳ್ತಾ ಬಂದಿದೆ. ಸ್ವಲ್ಪ ಕೊರತೆ ಉಳಿಯಬಹುದು ಅಂದ್ರು ಡಾಕ್ಟರು. ಶಾಲೇಲಿ ಮುಂದಿನ ಬೆಂಚಲ್ಲಿ ಕೂರಿಸಿದ್ದಾರೆ. ಅವಳು ಏನಂದಳು ಗೊತ್ತಾ? ‘ನಾನೂ ಗಿರಣಿ ಅತ್ತೆ ಥರ ಎಲ್ಲರಿಗೂ ಕೇಳೋ ಹಾಗೆ ಮಾತಾಡ್ತೀನಿ, ಟೀಚರ್ ಬೈದರೂ ಬಿಡಲ್ಲ’ ಅಂದಳು.”

ಗಿರಣಿಯಕ್ಕ ನಕ್ಕಳು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ಅದಿರಲಿ, ಬಂದ ವಿಷಯ ಬೇರೆ” ಎಂದಳು ನರ್ಸಮ್ಮ. “ಪಕ್ಕದ ಬಡಾವಣೆಯವರೂ ಸಮಿತಿ ಮಾಡ್ಕೊಳ್ತಾರಂತೆ. ನಿಮ್ಮ ಗಿರಣಿಯವರು ಬಂದು ನಾಲ್ಕು ಮಾತು ಹೇಳಲಿ ಅಂತಿದ್ದಾರೆ. ವೇದಿಕೆ ಇರುತ್ತೆ, ಮೈಕ್ ಇರುತ್ತೆ...”

“ಇವಳಿಗೆ ಮೈಕಾ?” ಕತ್ತರಿ ಮಾಮ ಹಣೆ ಚಚ್ಚಿಕೊಂಡ. “ಮೈಕಿಗೇ ಕಿವುಡು ಬರುತ್ತೆ!”

“ನೀವು ಸುಮ್ಮನಿರಿ ಮಾಮ. ನೋಡು ಗಿರಣಿಯಕ್ಕ, ಮೊದಲು ಸಮಿತಿ ಹೇಗೆ ಶುರುವಾಯ್ತು ಅಂತ ಹೇಳು, ಆಮೇಲೆ ನಮ್ಮ ನಿಯಮ, ಆಮೇಲೆ...”

ಬಾಗಿಲಲ್ಲಿ ನೆರಳು ಬಿದ್ದಿತ್ತು. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಮನೆಯವಳು, ಬೇಸಗೆಯಲ್ಲೂ ಉದ್ದ ತೋಳಿನ ರವಿಕೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. ಡಬ್ಬಿ ಹಗುರವಾಗಿತ್ತು; ಹೊತ್ತುಕೊಂಡ ರೀತಿಯಿಂದಲೇ ಅದು ತಿಳಿಯುತ್ತಿತ್ತು. ಅವಳ ತುಟಿ ಒಮ್ಮೆ ತೆರೆದು ಮುಚ್ಚಿಕೊಂಡಿತು.

“...ಕೊನೇಲಿ ಧನ್ಯವಾದ ಹೇಳೋದನ್ನ ಮರೀಬೇಡ. ಕೇಳಿಸ್ತಿದೆಯಾ? ಗಿರಣಿಯಕ್ಕಾ, ನಿನಗೇ ಹೇಳ್ತಿರೋದು...”

ಗಿರಣಿಯಕ್ಕ ಎದ್ದು, ತೌಡಿನ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಮೋಟರಿನ ಕಡೆ ನಡೆದಿದ್ದಳು.